ಗಣಕಜಾಲದ ಸಂಚಾರವೀಕ್ಷಣೆಯಲ್ಲಿ ಸ್ವಿಚ್ಚಿನ ಪಾತ್ರ: ಬೆಳಗಾವಿ ಜಿಲ್ಲೆಯ ಐದು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

1. ಪೀಠಿಕೆ

ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿ, ಕೃಷ್ಣಾ ಮತ್ತು ಅದರ ಉಪನದಿಗಳ ಬಯಲಿನಲ್ಲಿ ಹರಡಿಕೊಂಡಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಜನರಿಗೆ ಕಳೆದ ಎರಡು ದಶಕಗಳಲ್ಲಿ ಚಿರಪರಿಚಿತವಾಗಿರುವ ಮಾತೊಂದಿದೆ: ‘ಸರ್ವರ್ ಡೌನ್ ಐತಿ, ನಾಳೆ ಬರ್ರಿ.’ ರಾಜ್ಯದ ಉಳಿದ ಭಾಗಗಳಲ್ಲಿಯೂ ಈ ಮಾತು ಹೊಸದಲ್ಲ. ಪಹಣಿಗಾಗಿ, ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕಾಗಿ, ಪಿಂಚಣಿಯ ಅರ್ಜಿಗಾಗಿ ಬಂದವರು ಈ ಮಾತನ್ನು ಕೇಳಿ ಹಿಂದಿರುಗುತ್ತಾರೆ. ಹಿಂದಿರುಗಿದವರು ಒಂದು ದಿನದ ಕೂಲಿಯನ್ನೂ ಬಸ್ಸಿನ ಖರ್ಚನ್ನೂ ಕಳೆದುಕೊಳ್ಳುತ್ತಾರೆ. ಕೆಲವೊಮ್ಮೆ ಅರ್ಜಿಯ ಕೊನೆಯ ದಿನಾಂಕವೂ ಕೈತಪ್ಪುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ‘ಸರ್ವರ್ ಡೌನ್’ ಎಂಬುದು ಲಕ್ಷಣವೇ ಹೊರತು ರೋಗದ ಹೆಸರಲ್ಲ. ಕಚೇರಿಯೊಳಗಿನ ಒಂದು ತಂತಿ ಸಡಿಲಾಗಿದ್ದರೂ, ತಾಲ್ಲೂಕು ಕೇಂದ್ರದಿಂದ ಹೊರಡುವ ಕೇಬಲ್ ತುಂಡಾಗಿದ್ದರೂ, ಬೆಂಗಳೂರಿನ ಗಣಕಯಂತ್ರದ ಮೇಲೆ ಮಿತಿಮೀರಿದ ಹೊರೆ ಬಿದ್ದಿದ್ದರೂ ಮೇಜಿನ ಮುಂದೆ ಕುಳಿತ ನೌಕರನಿಗೆ ಕಾಣುವುದು ಒಂದೇ ದೃಶ್ಯ. ಪರದೆಯ ಮೇಲೆ ಸುತ್ತುತ್ತಲೇ ಇರುವ ಒಂದು ಚಿಕ್ಕ ವೃತ್ತ. ಈ ಮೂರನ್ನು ಬೇರ್ಪಡಿಸಿ ಹೇಳಬಲ್ಲ ಸಾಧನ ಯಾವುದು, ಅದು ಹೇಗೆ ಕೆಲಸ ಮಾಡುತ್ತದೆ, ಅದರ ಮಿತಿ ಏನು, ಅದನ್ನು ಬಳಸುವಾಗ ನಾಗರಿಕನ ಗೋಪ್ಯತೆಯನ್ನು ಕಾಪಾಡುವುದು ಹೇಗೆ ಎಂಬುದನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಆ ಸಾಧನವೇ ಸಂಚಾರವೀಕ್ಷಣೆಗೆ ಅನುವು ಮಾಡಿಕೊಡುವ ಸ್ವಿಚ್. ಇಲ್ಲಿ ಸ್ವಿಚ್ ಎಂದರೆ ಗೋಡೆಯ ಮೇಲಿನ ದೀಪದ ಗುಂಡಿಯಲ್ಲ. ಹಲವು ಗಣಕಯಂತ್ರಗಳನ್ನು ಒಂದು ಜಾಲವಾಗಿ ಕೂಡಿಸಿ, ಒಂದರಿಂದ ಬಂದ ದತ್ತಾಂಶವನ್ನು ಸರಿಯಾದ ಇನ್ನೊಂದಕ್ಕೆ ತಲುಪಿಸುವ ಪೆಟ್ಟಿಗೆ.

2. ಹತ್ತಿರವಾದ ಕಚೇರಿ, ದೂರವಾದ ದಾಖಲೆ

ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಈ ಭಾಗದ ಭೂದಾಖಲೆ ತಲಾಠಿಯ ದಫ್ತರದಲ್ಲಿತ್ತು. ರೈತರು ‘ಉತಾರ’ ಎಂದು ಕರೆಯುವ ಪಹಣಿಯನ್ನು ಕೈಯಲ್ಲಿ ಬರೆದು ಕೊಡಲಾಗುತ್ತಿತ್ತು. 2000-01ರ ಸುಮಾರಿಗೆ ಕರ್ನಾಟಕ ಸರಕಾರದ ಭೂಮಿ ಯೋಜನೆ ತಾಲ್ಲೂಕು ಕೇಂದ್ರಗಳಲ್ಲಿ ಕಾರ್ಯರೂಪಕ್ಕೆ ಬಂದಾಗ ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳು ಗಣಕೀಕೃತಗೊಂಡವು. 15 ರೂಪಾಯಿ ಶುಲ್ಕಕ್ಕೆ ಮುದ್ರಿತ ಪ್ರತಿ ದೊರೆಯತೊಡಗಿತು. ಆ ಮೊದಲ ಘಟ್ಟದಲ್ಲಿ ದತ್ತಾಂಶವನ್ನು ಹೊತ್ತ ಗಣಕಯಂತ್ರ ತಾಲ್ಲೂಕು ಕಚೇರಿಯಲ್ಲೇ ಇತ್ತು. ಯಂತ್ರ ಕೆಟ್ಟರೆ ಕೆಟ್ಟಿದ್ದು ಕಣ್ಣಿಗೆ ಕಾಣುತ್ತಿತ್ತು. ರಿಪೇರಿ ಮಾಡುವವನು ಆ ಕೋಣೆಗೇ ಬರುತ್ತಿದ್ದ.

ಅನಂತರದ ವರ್ಷಗಳಲ್ಲಿ ದತ್ತಾಂಶ ರಾಜ್ಯಮಟ್ಟದ ಕೇಂದ್ರಕ್ಕೆ ಸ್ಥಳಾಂತರಗೊಂಡಿತು. ಕೇಂದ್ರ ಸರಕಾರವು 2005ರ ಮಾರ್ಚ್‌ನಲ್ಲಿ ಒಪ್ಪಿಗೆ ನೀಡಿದ ರಾಜ್ಯವ್ಯಾಪಿ ಜಾಲಗಳ ಯೋಜನೆಯು ರಾಜಧಾನಿ, ಜಿಲ್ಲಾ ಕೇಂದ್ರ ಮತ್ತು ತಾಲ್ಲೂಕು ಕೇಂದ್ರಗಳೆಂಬ ಮೂರು ಹಂತಗಳನ್ನು ಕನಿಷ್ಠ ಸೆಕೆಂಡಿಗೆ 2 ಮೆಗಾಬಿಟ್ ಸಾಮರ್ಥ್ಯದ ಸಂಪರ್ಕದಿಂದ ಜೋಡಿಸುವ ಗುರಿ ಹೊಂದಿತ್ತು. ಕರ್ನಾಟಕದಲ್ಲಿ ಇಂತಹ ಜಾಲ ‘ಕೆಸ್ವಾನ್’ ಎಂಬ ಹೆಸರಿನಿಂದ ಪರಿಚಿತವಾಗಿದೆ. 2011ರಲ್ಲಿ ಮಂಜೂರಾಗಿ ಮುಂದೆ ಭಾರತ್‌ನೆಟ್ ಎಂಬ ಹೆಸರು ಪಡೆದ ಯೋಜನೆಯು ಗ್ರಾಮ ಪಂಚಾಯತಿಗಳವರೆಗೆ ಬೆಳಕಿನ ಎಳೆಯನ್ನು, ಅಂದರೆ ಆಪ್ಟಿಕಲ್ ಫೈಬರನ್ನು, ಒಯ್ಯುವ ಉದ್ದೇಶದ್ದು.

ಇದೇ ಅವಧಿಯಲ್ಲಿ ಆಡಳಿತ ಘಟಕಗಳೂ ಬದಲಾದವು. 2017ರ ಮುಂಗಡಪತ್ರದಲ್ಲಿ ಘೋಷಿತವಾದ 49 ಹೊಸ ತಾಲ್ಲೂಕುಗಳಲ್ಲಿ ನಿಪ್ಪಾಣಿ ಮತ್ತು ಕಾಗವಾಡ ಸೇರಿದ್ದವು; ಮೊದಲನೆಯದು ಚಿಕ್ಕೋಡಿಯಿಂದ, ಎರಡನೆಯದು ಅಥಣಿಯಿಂದ ಬೇರ್ಪಟ್ಟಿತು. ಹೀಗೆ ರೈತನಿಗೆ ಕಚೇರಿ ಹತ್ತಿರವಾಯಿತು, ಆದರೆ ದಾಖಲೆ ಹಿಂದೆಂದಿಗಿಂತ ದೂರವಾಯಿತು. ತಾಲ್ಲೂಕು ಕೇಂದ್ರದ ಮೇಜಿಗೂ ದಾಖಲೆಗೂ ನಡುವೆ ಈಗ ನೂರಾರು ಕಿಲೋಮೀಟರು ಕೇಬಲ್ಲು, ಹತ್ತಾರು ಪೆಟ್ಟಿಗೆಗಳು, ಬೇರೆ ಬೇರೆ ಸಂಸ್ಥೆಗಳ ಹೊಣೆಗಾರಿಕೆಗಳು ಬಂದು ನಿಂತಿವೆ. 2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳುಗಳಲ್ಲಿ ಕೃಷ್ಣೆ ಉಕ್ಕಿ ಈ ತಾಲ್ಲೂಕುಗಳ ಅನೇಕ ಗ್ರಾಮಗಳನ್ನು ನೀರು ಆವರಿಸಿದುದನ್ನೂ ಸೇತುವೆಗಳು ಮುಳುಗಿದುದನ್ನೂ ನೆನೆದರೆ, ಸಂಪರ್ಕವೆಂಬುದು ಇಲ್ಲಿ ಸದಾ ಖಚಿತವಲ್ಲವೆಂಬುದು ಸ್ಪಷ್ಟವಾಗುತ್ತದೆ. ದೋಷ ಕಣ್ಣಿಗೆ ಕಾಣದಷ್ಟು ದೂರ ಸರಿದಾಗ ಅದನ್ನು ಅಳೆದೇ ತಿಳಿಯಬೇಕಾಗುತ್ತದೆ. ಸಂಚಾರವೀಕ್ಷಣೆಯ ಅಗತ್ಯ ಹುಟ್ಟುವುದು ಇಲ್ಲಿಯೇ.

3. ಹಬ್‌ನಿಂದ ಸ್ವಿಚ್ಚಿಗೆ

ಕಚೇರಿಗಳೊಳಗಿನ ಜಾಲದ ಪ್ರಮುಖ ವಿಧಾನವಾದ ಈಥರ್‌ನೆಟ್ 1973ರಲ್ಲಿ ಅಮೆರಿಕದ ಝೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡಿತು; ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಅದರ ನಿರ್ಮಾಪಕರಲ್ಲಿ ಮುಖ್ಯರು. ಈ ವಿಧಾನದಲ್ಲಿ ಕಳುಹಿಸಬೇಕಾದ ದತ್ತಾಂಶವನ್ನು ಚಿಕ್ಕ ಚಿಕ್ಕ ಕಟ್ಟುಗಳಾಗಿ ವಿಂಗಡಿಸಲಾಗುತ್ತದೆ. ಇವುಗಳಿಗೆ ಪ್ಯಾಕೆಟ್ ಎಂಬ ಹೆಸರು ರೂಢಿಯಲ್ಲಿದೆ. ಪ್ರತಿ ಪ್ಯಾಕೆಟ್ಟಿಗೂ ಎರಡು ಭಾಗಗಳಿರುತ್ತವೆ: ಕಳುಹಿಸಿದವರ ಮತ್ತು ಪಡೆಯುವವರ ವಿಳಾಸ, ಕ್ರಮಸಂಖ್ಯೆ ಮುಂತಾದವುಗಳಿರುವ ಶಿರೋಭಾಗ, ಮತ್ತು ನಿಜವಾದ ವಿಷಯವಿರುವ ಒಡಲು. ಅಂಚೆಯ ಲಕೋಟೆಯ ಮೇಲ್ಬರಹ ಮತ್ತು ಒಳಗಿನ ಕಾಗದಗಳ ನಡುವಣ ಭೇದವೇ ಇಲ್ಲಿಯೂ ಇದೆ. ಲೇಖನದ ಕೊನೆಯ ಭಾಗದಲ್ಲಿ ಈ ಭೇದವು ಮಹತ್ವ ಪಡೆಯುವುದರಿಂದ ಓದುಗರು ಇದನ್ನು ನೆನಪಿನಲ್ಲಿಡುವುದು ಒಳಿತು.

ಆರಂಭದ ವರ್ಷಗಳಲ್ಲಿ ಯಂತ್ರಗಳನ್ನು ಕೂಡಿಸುತ್ತಿದ್ದುದು ಒಂದೇ ಕೇಬಲ್ ಅಥವಾ ಹಬ್ ಎಂಬ ಸರಳ ಪೆಟ್ಟಿಗೆ. ಒಂದು ಕಡೆಯಿಂದ ಬಂದ ಪ್ಯಾಕೆಟ್ಟನ್ನು ಹಬ್ ಉಳಿದೆಲ್ಲ ಕಡೆಗೂ ಕಳುಹಿಸುತ್ತಿತ್ತು. ಊರ ಚಾವಡಿಯಲ್ಲಿ ಒಬ್ಬನ ಹೆಸರು ಹಿಡಿದು ಕೂಗಿದರೂ ಎಲ್ಲರಿಗೂ ಕೇಳಿಸುವಂತೆ, ಒಂದು ಯಂತ್ರದ ಮಾತು ಎಲ್ಲ ಯಂತ್ರಗಳಿಗೂ ಕೇಳಿಸುತ್ತಿತ್ತು. ಆದುದರಿಂದ ವೀಕ್ಷಣೆ ಅಂದು ಸುಲಭವಾಗಿತ್ತು. ಯಾವುದಾದರೂ ಒಂದು ಯಂತ್ರದಲ್ಲಿ ತಂತ್ರಾಂಶವನ್ನು ಹಾಕಿದರೆ ಸಾಕಾಗುತ್ತಿತ್ತು. 1988ರಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಸಿದ್ಧವಾದ ‘ಟಿಸಿಪಿಡಂಪ್’ ಆ ಕಾಲದ ಕೊಡುಗೆ. 1998ರಲ್ಲಿ ‘ಈಥೀರಿಯಲ್’ ಎಂದು ಆರಂಭವಾಗಿ 2006ರಿಂದ ‘ವೈರ್‌ಶಾರ್ಕ್’ ಎಂದು ಕರೆಸಿಕೊಂಡ ತಂತ್ರಾಂಶವೂ ಇದೇ ಜಾತಿಯದು. ಎರಡೂ ಉಚಿತವಾಗಿ ದೊರೆಯುತ್ತವೆ.

1990ರಲ್ಲಿ ‘ಕಲ್ಪನಾ’ ಎಂಬ ಭಾರತೀಯ ಹೆಸರಿನ ಅಮೆರಿಕನ್ ಕಂಪನಿ ಈಥರ್‌ನೆಟ್ ಸ್ವಿಚ್ಚನ್ನು ಮಾರುಕಟ್ಟೆಗೆ ತಂದಿತು. ವಿನೋದ್ ಭಾರದ್ವಾಜ್ ಮತ್ತು ಲ್ಯಾರಿ ಬ್ಲೇರ್ ಅದರ ಸ್ಥಾಪಕರು. 1994ರಲ್ಲಿ ಸಿಸ್ಕೊ ಕಂಪನಿ ಅದನ್ನು ಕೊಂಡುಕೊಂಡಿತು. ಸ್ವಿಚ್ ತನ್ನ ಯಾವ ಪೋರ್ಟಿನಲ್ಲಿ, ಅಂದರೆ ಯಾವ ಕಿಂಡಿಯಲ್ಲಿ, ಯಾವ ಯಂತ್ರವಿದೆ ಎಂಬುದನ್ನು ಆ ಯಂತ್ರದ 48 ಬಿಟ್ಟುಗಳ ವಿಳಾಸದ ಮೂಲಕ ಕಲಿತುಕೊಂಡು ಒಂದು ಪಟ್ಟಿಯನ್ನು ಇಟ್ಟುಕೊಳ್ಳುತ್ತದೆ. ಬಂದ ಪ್ಯಾಕೆಟ್ಟನ್ನು ಸಂಬಂಧಪಟ್ಟ ಪೋರ್ಟಿಗೆ ಮಾತ್ರ ರವಾನಿಸುತ್ತದೆ. ಇದರಿಂದ ಜಾಲದ ವೇಗ ಹೆಚ್ಚಿತು. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವುದು ಬಹುಮಟ್ಟಿಗೆ ನಿಂತಿತು. ಆದರೆ ಅದರೊಡನೆ ವೀಕ್ಷಕನೂ ಕುರುಡನಾದ. ಕಳೆದುಹೋದ ಆ ದೃಷ್ಟಿಯನ್ನು ಮರಳಿ ಕೊಡಲು ಹುಟ್ಟಿಕೊಂಡ ವಿಧಾನಗಳು ಮುಖ್ಯವಾಗಿ ಮೂರು: ಎಣಿಕೆ, ಪ್ರತಿಬಿಂಬ ಮತ್ತು ಕವಲು.

4. ಎಣಿಕೆ

ನಿರ್ವಹಣೆಗೆ ಒಳಪಡುವ ಪ್ರತಿಯೊಂದು ಸ್ವಿಚ್ಚೂ ತನ್ನ ಪ್ರತಿ ಪೋರ್ಟಿನ ಮೂಲಕ ಎಷ್ಟು ಪ್ಯಾಕೆಟ್ಟು ಬಂದವು, ಎಷ್ಟು ಹೋದವು, ಎಷ್ಟು ದೋಷಪೂರಿತವಾಗಿದ್ದವು, ಎಷ್ಟನ್ನು ಕೈಬಿಡಲಾಯಿತು ಎಂಬ ಲೆಕ್ಕವನ್ನು ಇಟ್ಟಿರುತ್ತದೆ. ಎಸ್‌ಎನ್‌ಎಂಪಿ ಎಂಬ ಶಿಷ್ಟವಿಧಾನದ ಮೂಲಕ ಈ ಲೆಕ್ಕವನ್ನು ಐದು ನಿಮಿಷಕ್ಕೊಮ್ಮೆ ಓದಿ ನಕ್ಷೆಯಾಗಿ ಬರೆಯಬಹುದು. ವಿಷಯವನ್ನು ಮುಟ್ಟದೆ ಪ್ರಮಾಣವನ್ನಷ್ಟೇ ತಿಳಿಸುವ ಈ ವಿಧಾನ ಅತ್ಯಂತ ಅಗ್ಗದ್ದು. ದೋಷಪೂರಿತ ಪ್ಯಾಕೆಟ್ಟುಗಳ ಸಂಖ್ಯೆ ಏರುತ್ತಿದ್ದರೆ ಕೇಬಲ್ಲಿಗೆ ತೇವ ತಗುಲಿದೆ, ಇಲಿ ಕಡಿದಿದೆ ಅಥವಾ ಜೋಡಣೆ ಸಡಿಲಾಗಿದೆ ಎಂಬ ಊಹೆಗೆ ಆಧಾರ ದೊರೆಯುತ್ತದೆ.

ಇದಕ್ಕಿಂತ ಒಂದು ಮೆಟ್ಟಿಲು ಮೇಲಿನದು ಹರಿವಿನ ಲೆಕ್ಕ. ಯಾವ ವಿಳಾಸದಿಂದ ಯಾವ ವಿಳಾಸಕ್ಕೆ, ಯಾವ ಸೇವೆಗಾಗಿ, ಎಷ್ಟು ಹೊತ್ತು, ಎಷ್ಟು ಬೈಟುಗಳು ಹರಿದವು ಎಂಬುದರ ಸಾರಾಂಶವನ್ನು ಇದು ಕೊಡುತ್ತದೆ. ಸಿಸ್ಕೊ ಕಂಪನಿಯ ನೆಟ್‌ಫ್ಲೋ, 2001ರಲ್ಲಿ ಪ್ರಕಟವಾದ ಎಸ್‌ಫ್ಲೋ, ಮುಂದೆ ಅಂತರರಾಷ್ಟ್ರೀಯ ಮಾನಕವಾಗಿ ರೂಪುಗೊಂಡ ಐಪಿಫಿಕ್ಸ್ ಈ ವರ್ಗಕ್ಕೆ ಸೇರುತ್ತವೆ. ದೂರವಾಣಿಯ ಬಿಲ್ಲಿನಲ್ಲಿ ಕರೆಗಳ ಪಟ್ಟಿಯಿರುತ್ತದೆ, ಮಾತುಗಳಿರುವುದಿಲ್ಲ. ಹರಿವಿನ ಲೆಕ್ಕವೂ ಅಂತಹುದೇ.

5. ಪ್ರತಿಬಿಂಬ

ಎಣಿಕೆ ಸಾಲದಾದಾಗ ಪ್ಯಾಕೆಟ್ಟುಗಳನ್ನೇ ನೋಡಬೇಕಾಗುತ್ತದೆ. ಪೋರ್ಟ್ ಮಿರರಿಂಗ್ ಎಂದು ಕರೆಯಲಾಗುವ ವಿಧಾನದಲ್ಲಿ ಸ್ವಿಚ್ಚಿಗೆ ಒಂದು ಆದೇಶವನ್ನು ಕೊಡಲಾಗುತ್ತದೆ: ಇಂತಹ ಪೋರ್ಟಿನಲ್ಲಿ ಬರುವ, ಹೋಗುವ ಎಲ್ಲ ಪ್ಯಾಕೆಟ್ಟುಗಳ ಒಂದೊಂದು ನಕಲನ್ನು ಇನ್ನೊಂದು ಪೋರ್ಟಿಗೂ ಕಳುಹಿಸು. ಆ ಇನ್ನೊಂದು ಪೋರ್ಟಿಗೆ ಜೋಡಿಸಿದ ಗಣಕಯಂತ್ರವು ಕನ್ನಡಿಯಲ್ಲಿ ನೋಡಿದಂತೆ ಎಲ್ಲವನ್ನೂ ನೋಡುತ್ತದೆ. ಮೂಲ ಸಂಚಾರಕ್ಕೆ ಅಡ್ಡಿಯಾಗುವುದಿಲ್ಲ.

ಕಬ್ಬಿನ ಸೀಮೆಯ ಓದುಗರಿಗೆ ಇದನ್ನು ಕಾಟಾದ ಉದಾಹರಣೆಯಿಂದ ವಿವರಿಸಬಹುದು. ಕಾರ್ಖಾನೆಯ ತೂಕದ ಬಗ್ಗೆ ಸಂಶಯವಿರುವ ರೈತ ದಾರಿಯಲ್ಲಿರುವ ಹೊರಗಿನ ಕಾಟಾದ ಮೇಲೆ ಟ್ರ್ಯಾಕ್ಟರನ್ನು ಒಮ್ಮೆ ನಿಲ್ಲಿಸಿ ತೂಗಿಸಿಕೊಳ್ಳುವುದುಂಟು. ಕಬ್ಬನ್ನು ಇಳಿಸಬೇಕಾಗಿಲ್ಲ, ಗಾಡಿಯ ದಾರಿ ಬದಲಾಗುವುದಿಲ್ಲ. ಆದರೆ ಕೈಯಲ್ಲಿ ಸ್ವತಂತ್ರವಾದ ಒಂದು ಚೀಟಿ ಇರುತ್ತದೆ. ಪ್ರತಿಬಿಂಬ ಪೋರ್ಟಿನಿಂದ ದೊರೆಯುವುದೂ ಇಂತಹ ಸ್ವತಂತ್ರ ಚೀಟಿಯೇ.

ಆದರೆ ಈ ಕನ್ನಡಿಗೆ ಮಿತಿಗಳಿವೆ. ಮೊದಲನೆಯದಾಗಿ, ಸೆಕೆಂಡಿಗೆ 1 ಗಿಗಾಬಿಟ್ ಸಾಮರ್ಥ್ಯದ ಪೋರ್ಟಿನಲ್ಲಿ ಎರಡೂ ದಿಕ್ಕಿಗೆ ತಲಾ 1 ಗಿಗಾಬಿಟ್ ಹರಿಯಬಹುದು. ಎರಡರ ನಕಲನ್ನೂ 1 ಗಿಗಾಬಿಟ್ಟಿನ ಒಂದೇ ದಾರಿಯಲ್ಲಿ ಹೊರಗೆ ಕಳುಹಿಸಬೇಕು. ಸಂಚಾರ ಅರ್ಧಕ್ಕಿಂತ ಹೆಚ್ಚಾದಾಗ ಉಳಿದ ನಕಲುಗಳನ್ನು ಸ್ವಿಚ್ ಸದ್ದಿಲ್ಲದೆ ಕೈಬಿಡುತ್ತದೆ. ಎರಡನೆಯದಾಗಿ, ದೋಷಪೂರಿತ ಪ್ಯಾಕೆಟ್ಟುಗಳನ್ನು ಸ್ವಿಚ್ ಸಾಮಾನ್ಯವಾಗಿ ಒಳಬಾಗಿಲಲ್ಲೇ ತಿರಸ್ಕರಿಸುವುದರಿಂದ ಅವು ಪ್ರತಿಬಿಂಬದಲ್ಲಿ ಕಾಣುವುದಿಲ್ಲ. ಅವುಗಳಿಗಾಗಿ ಎಣಿಕೆಯನ್ನೇ ನೋಡಬೇಕು. ಮೂರನೆಯದಾಗಿ, ನಕಲು ಹೊರಡುವ ಮುನ್ನ ಸ್ವಿಚ್ಚಿನೊಳಗೆ ಕ್ಷಣಕಾಲ ಕಾಯುವ ಸಂಭವವಿರುವುದರಿಂದ ಅತಿ ಸೂಕ್ಷ್ಮವಾದ ಕಾಲಮಾಪನಕ್ಕೆ ಅದು ಯೋಗ್ಯವಲ್ಲ.

6. ಕವಲು ಮತ್ತು ವೀಕ್ಷಣಾ ಸ್ವಿಚ್

ಈ ಮಿತಿಗಳನ್ನು ಮೀರುವ ಸಾಧನ ಟ್ಯಾಪ್. ಇದನ್ನು ಕೇಬಲ್ಲಿನ ನಡುವೆಯೇ ಕೂಡಿಸಲಾಗುತ್ತದೆ. ಫೈಬರ್ ಕೇಬಲ್ಲಿನ ಟ್ಯಾಪ್ ಎಂದರೆ ಬೆಳಕನ್ನು ಎರಡಾಗಿ ಸೀಳುವ ಒಂದು ಗಾಜಿನ ಕವಲು. ಅದಕ್ಕೆ ವಿದ್ಯುತ್ತು ಬೇಕಿಲ್ಲ. ಅರ್ಧ ಬೆಳಕು ತನ್ನ ದಾರಿಯಲ್ಲಿ ಮುಂದುವರಿಯುತ್ತದೆ, ಅರ್ಧ ವೀಕ್ಷಕನ ಕಡೆಗೆ ಹೋಗುತ್ತದೆ. ಹೀಗೆ ಸಮಭಾಗವಾಗಿ ಸೀಳಿದಾಗ ಮೂಲ ದಾರಿಯಲ್ಲಿ ಸುಮಾರು 3 ಡೆಸಿಬೆಲ್ ನಷ್ಟವಾಗುತ್ತದೆ; 70ಕ್ಕೆ 30ರಂತೆ ಸೀಳಿದರೆ ಸುಮಾರು 1.5 ಡೆಸಿಬೆಲ್. ಎರಡೂ ದಿಕ್ಕುಗಳಿಗೆ ಪ್ರತ್ಯೇಕ ಕವಲುಗಳಿರುವುದರಿಂದ ನಕಲುಗಳು ಕೈಬಿಟ್ಟುಹೋಗುವ ಪ್ರಶ್ನೆ ಏಳುವುದಿಲ್ಲ. ದೋಷಪೂರಿತವಾದವೂ ಇದ್ದಂತೆಯೇ ಬರುತ್ತವೆ.

ಬೆಳಕಿನ ಕವಲು ನಮ್ಮ ಗ್ರಾಮಗಳಿಗೆ ಅಪರಿಚಿತವಲ್ಲ. ಭಾರತ್‌ನೆಟ್ಟಿನ ಮೊದಲ ಹಂತದಲ್ಲಿ ಬಳಸಿದ ಜಿಪಾನ್ ತಂತ್ರಜ್ಞಾನದಲ್ಲಿ ಒಂದೇ ಎಳೆಯ ಬೆಳಕನ್ನು ಇಂತಹದೇ ಕವಲುಗಳಿಂದ ಹಲವು ಗ್ರಾಮ ಪಂಚಾಯತಿಗಳಿಗೆ ಹಂಚಲಾಗುತ್ತದೆ. ಒಂದು ಪಂಚಾಯತಿಗೆಂದು ಹೊರಟ ಬೆಳಕು ಅದೇ ಕವಲಿನ ಉಳಿದ ಪಂಚಾಯತಿಗಳ ಪೆಟ್ಟಿಗೆಗಳಿಗೂ ತಲುಪುತ್ತದೆ. ಆ ಕಾರಣದಿಂದಲೇ ದತ್ತಾಂಶವನ್ನು ಗೂಢಲಿಪಿಗೆ ಪರಿವರ್ತಿಸಿ ಕಳುಹಿಸುವ ಏರ್ಪಾಡು ಆ ತಂತ್ರಜ್ಞಾನದಲ್ಲಿದೆ. ಬೆಳಕನ್ನು ಸೀಳುವುದು ಎಷ್ಟು ಸುಲಭವೋ ಅದರಲ್ಲಿನ ಮಾತನ್ನು ಕಾಯುವುದು ಅಷ್ಟೇ ಅಗತ್ಯ ಎಂಬ ಪಾಠ ಇದರಲ್ಲಿದೆ.

ದೊಡ್ಡ ದತ್ತಾಂಶ ಕೇಂದ್ರಗಳಲ್ಲಿ ಇಂತಹ ಹತ್ತಾರು ಕವಲುಗಳಿಂದ ಬರುವ ನಕಲುಗಳನ್ನು ಒಟ್ಟುಗೂಡಿಸಿ, ಬೇಕಾದುದನ್ನು ಸೋಸಿ, ಒಂದೇ ಪ್ಯಾಕೆಟ್ಟಿನ ಎರಡನೆಯ ನಕಲನ್ನು ತೆಗೆದುಹಾಕಿ, ಒಡಲನ್ನು ಕತ್ತರಿಸಿ ಶಿರೋಭಾಗವನ್ನು ಮಾತ್ರ ಉಳಿಸಿ, ಬೇರೆ ಬೇರೆ ವಿಶ್ಲೇಷಣಾ ಯಂತ್ರಗಳಿಗೆ ಹಂಚುವ ವಿಶೇಷ ಯಂತ್ರಾಂಶವಿರುತ್ತದೆ. ಇದೇ ವೀಕ್ಷಣಾ ಸ್ವಿಚ್. ವೃತ್ತಿಯವರು ಇದನ್ನು ಪ್ಯಾಕೆಟ್ ಬ್ರೋಕರ್ ಎಂದೂ ಕರೆಯುತ್ತಾರೆ. ಇದಕ್ಕೆ ಪ್ರತ್ಯೇಕ ಯಂತ್ರಾಂಶ ಏಕೆ ಬೇಕೆಂಬ ಪ್ರಶ್ನೆಗೆ ಒಂದು ಸಂಖ್ಯೆಯೇ ಉತ್ತರ. ಅತಿ ಚಿಕ್ಕ ಗಾತ್ರದ, ಅಂದರೆ 64 ಬೈಟಿನ ಪ್ಯಾಕೆಟ್ಟುಗಳು 1 ಗಿಗಾಬಿಟ್ ದಾರಿಯನ್ನು ತುಂಬಿದಾಗ ಒಂದು ದಿಕ್ಕಿಗೆ ಸೆಕೆಂಡಿಗೆ 14,88,095 ಪ್ಯಾಕೆಟ್ಟುಗಳು ಹಾಯುತ್ತವೆ. 10 ಗಿಗಾಬಿಟ್ ದಾರಿಯಲ್ಲಿ ಈ ಸಂಖ್ಯೆ ಹತ್ತು ಪಟ್ಟಾಗುತ್ತದೆ. ಒಂದೊಂದನ್ನೂ ಪರೀಕ್ಷಿಸಿ ಸೋಸುವ ಕೆಲಸ ಸಾಮಾನ್ಯ ಗಣಕಯಂತ್ರಕ್ಕೆ ಭಾರವಾದುದು. ಅದಕ್ಕಾಗಿಯೇ ರಚಿಸಿದ ಚಿಪ್ಪುಗಳು ಅದನ್ನು ಸಲೀಸಾಗಿ ಮಾಡುತ್ತವೆ.

7. ತಾಲ್ಲೂಕು ಕಚೇರಿಗೆ ಯಾವುದು ತಕ್ಕುದು?

ಮೇಲಿನ ವಿವರಗಳಿಂದ ವೀಕ್ಷಣೆಯೆಂದರೆ ದುಬಾರಿ ವ್ಯವಸ್ಥೆ ಎಂಬ ಭಾವನೆ ಉಂಟಾಗಬಹುದು. ವಾಸ್ತವದಲ್ಲಿ ಹಾಗಿಲ್ಲ. ಒಂದು ಊಹೆಯ ಕಚೇರಿಯನ್ನು ತೆಗೆದುಕೊಳ್ಳೋಣ. ಅದರಲ್ಲಿ ಇಪ್ಪತ್ತು ಗಣಕಯಂತ್ರಗಳಿವೆ. ಹೊರಗಿನ ಸಂಪರ್ಕದ ಸಾಮರ್ಥ್ಯ ಸೆಕೆಂಡಿಗೆ 10 ಮೆಗಾಬಿಟ್. ಎರಡೂ ದಿಕ್ಕು ತುಂಬಿ ಹರಿದರೂ ಒಟ್ಟು 20 ಮೆಗಾಬಿಟ್. ಪ್ರತಿಬಿಂಬ ಪೋರ್ಟಿನ ಸಾಮರ್ಥ್ಯ 1,000 ಮೆಗಾಬಿಟ್. ಆದುದರಿಂದ ಹೊರಸಂಪರ್ಕದ ಪೋರ್ಟೊಂದನ್ನೇ ನಕಲು ಮಾಡಿಸಿದರೆ ಹಿಂದೆ ಹೇಳಿದ ಮೊದಲನೆಯ ಮಿತಿ ಇಲ್ಲಿ ಬಾಧಿಸುವುದೇ ಇಲ್ಲ. ಟ್ಯಾಪೂ ಬೇಡ, ಬ್ರೋಕರೂ ಬೇಡ. ಪ್ರತಿಬಿಂಬದ ಸೌಲಭ್ಯವಿರುವ, ಕೆಲವೇ ಸಾವಿರ ರೂಪಾಯಿ ಬೆಲೆಯ ಚಿಕ್ಕ ಸ್ವಿಚ್ಚನ್ನು ಕಚೇರಿಯ ಜಾಲಕ್ಕೂ ಹೊರಸಂಪರ್ಕದ ಪೆಟ್ಟಿಗೆಗೂ ನಡುವೆ ಇಟ್ಟು ಒಂದು ಹಳೆಯ ಗಣಕಯಂತ್ರವನ್ನು ಅದಕ್ಕೆ ಜೋಡಿಸಿದರೆ ಸಾಕು. ಅಂಗಡಿಯಲ್ಲಿ ದೊರೆಯುವ ಅತಿ ಅಗ್ಗದ, ನಿರ್ವಹಣೆಯ ಸೌಲಭ್ಯವಿಲ್ಲದ ಸ್ವಿಚ್ಚುಗಳಲ್ಲಿ ಮಾತ್ರ ಈ ಅನುಕೂಲವಿರುವುದಿಲ್ಲ. ಖರೀದಿಯ ಸಮಯದಲ್ಲಿ ಗಮನಿಸಬೇಕಾದುದು ಇಷ್ಟೇ.

ಹೀಗೆ ದೊರೆತ ನಕಲಿನಿಂದ ದೋಷವನ್ನು ಗುರುತಿಸುವ ಕ್ರಮವನ್ನು ನೋಡೋಣ. ಕಚೇರಿಯ ಯಂತ್ರವು ದೂರದ ಸರ್ವರಿನೊಡನೆ ಮಾತು ಆರಂಭಿಸುವ ಮೊದಲು ಒಂದು ‘ಕರೆ’ ಪ್ಯಾಕೆಟ್ಟನ್ನು ಕಳುಹಿಸುತ್ತದೆ, ಸರ್ವರ್ ‘ಓ’ಗೊಡುತ್ತದೆ, ಕಚೇರಿಯ ಯಂತ್ರ ಅದನ್ನು ಒಪ್ಪಿಕೊಂಡ ಮೇಲೆ ವಿಷಯದ ವಿನಿಮಯ ನಡೆಯುತ್ತದೆ. ಟಿಸಿಪಿ ಎಂಬ ಶಿಷ್ಟವಿಧಾನದ ಕ್ರಮವಿದು. ಇದರ ಆಧಾರದ ಮೇಲೆ ನಾಲ್ಕು ಸ್ಥಿತಿಗಳನ್ನು ಬೇರ್ಪಡಿಸಬಹುದು.

ಒಂದು: ನೌಕರನು ಗುಂಡಿಯೊತ್ತಿದರೂ ನಕಲಿನಲ್ಲಿ ಯಾವ ಕರೆಯೂ ಕಾಣುವುದಿಲ್ಲ. ಅಂದರೆ ಪ್ಯಾಕೆಟ್ಟು ಕಚೇರಿಯಿಂದ ಹೊರಟೇ ಇಲ್ಲ. ದೋಷ ಒಳಗಿನದು: ಕಳಚಿದ ತಂತಿ, ಕೆಟ್ಟ ಯಂತ್ರ, ಅಥವಾ ಒಂದೇ ಕೇಬಲ್ಲಿನ ಎರಡೂ ತುದಿಗಳನ್ನು ಯಾರೋ ಒಂದೇ ಸ್ವಿಚ್ಚಿಗೆ ಚುಚ್ಚಿದ್ದರಿಂದ ಉಂಟಾದ ಪ್ಯಾಕೆಟ್ಟುಗಳ ಸುಳಿ. ಕೊನೆಯದು ಚಿಕ್ಕ ಕಚೇರಿಗಳಲ್ಲಿ ಇಡೀ ಜಾಲವನ್ನೇ ನಿಲ್ಲಿಸಬಲ್ಲುದು.

ಎರಡು: ಕರೆ ಹೋಗುತ್ತದೆ, ಓಗೊಡುವವರಿಲ್ಲ. ಬೇರೆ ಸರ್ವರುಗಳಿಂದಲೂ ಉತ್ತರವಿಲ್ಲದಿದ್ದರೆ ದೋಷ ದಾರಿಯದು. ಒಂದೇ ಸರ್ವರಿನಿಂದ ಇಲ್ಲವಾದರೆ ಆ ಸರ್ವರಿನದು ಅಥವಾ ಅದರ ಬಾಗಿಲಿನದು.

ಮೂರು: ಓಗೊಡುವಿಕೆ ಬರುತ್ತದೆ, ಆದರೆ ಅದೇ ಪ್ಯಾಕೆಟ್ಟುಗಳನ್ನು ಮತ್ತೆ ಮತ್ತೆ ಕಳುಹಿಸಬೇಕಾಗುತ್ತದೆ. ದಾರಿಯಲ್ಲಿ ಪ್ಯಾಕೆಟ್ಟುಗಳು ಕಳೆದುಹೋಗುತ್ತಿವೆ. ಸಂಪರ್ಕ ದುರ್ಬಲವಾಗಿದೆ, ಇಲ್ಲವೇ ಅದರ ಸಾಮರ್ಥ್ಯ ಮುಗಿದಿದೆ. ಎರಡರಲ್ಲಿ ಯಾವುದೆಂಬುದನ್ನು ಎಣಿಕೆಯ ನಕ್ಷೆ ತಿಳಿಸುತ್ತದೆ.

ನಾಲ್ಕು: ಓಗೊಡುವಿಕೆ ಬೇಗನೆ ಬರುತ್ತದೆ, ವಿಷಯದ ಉತ್ತರ ಮಾತ್ರ ತಡವಾಗುತ್ತದೆ. ಇದು ನಿಜವಾದ ಅರ್ಥದಲ್ಲಿ ಸರ್ವರಿನ ದೋಷ.

ಇಲ್ಲಿ ‘ಬೇಗ’ ಎಂದರೆ ಎಷ್ಟು? ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಚಲಿಸುತ್ತದೆ. ಚಿಕ್ಕೋಡಿಯಿಂದ ಬೆಂಗಳೂರಿಗೆ ಕೇಬಲ್ಲಿನ ದಾರಿ 600 ಕಿಲೋಮೀಟರು ಎಂದು ಹಿಡಿದರೂ ಹೋಗಿಬರಲು ಬೇಕಾಗುವುದು 6 ಮಿಲಿಸೆಕೆಂಡು. ನಡುವಣ ಪೆಟ್ಟಿಗೆಗಳ ವಿಳಂಬ ಸೇರಿದರೂ ಅದು ಕೆಲವು ಹತ್ತು ಮಿಲಿಸೆಕೆಂಡುಗಳನ್ನು ಮೀರಬಾರದು. ಸುಮಾರು 36 ಸಾವಿರ ಕಿಲೋಮೀಟರು ಎತ್ತರದ ಉಪಗ್ರಹದ ಮೂಲಕ ಸಂಪರ್ಕವಿದ್ದರೆ ಮಾತ್ರ ಹೋಗಿಬರುವ ಕಾಲ ಸುಮಾರು ಅರ್ಧ ಸೆಕೆಂಡಿನಷ್ಟಾಗುತ್ತದೆ. ಫೈಬರ್ ಸಂಪರ್ಕದ ಕಚೇರಿಯಲ್ಲಿ ಓಗೊಡುವಿಕೆ 25 ಮಿಲಿಸೆಕೆಂಡಿನಲ್ಲಿ ಬಂದು ಪಹಣಿ 40 ಸೆಕೆಂಡಾದರೂ ಬಾರದಿದ್ದರೆ ದಾರಿಯನ್ನು ದೂರುವುದು ಅನ್ಯಾಯ. ಮೊದಲನೆಯ ಸ್ಥಿತಿಯಿದ್ದಾಗ ಸರ್ವರನ್ನು ದೂರುವುದೂ ಅಷ್ಟೇ ಅನ್ಯಾಯ. ನಾಲ್ಕೂ ಸ್ಥಿತಿಗಳಿಗೆ ಹೊಣೆಗಾರರು ಬೇರೆ ಬೇರೆ. ಅಳತೆಯಿಲ್ಲದಿರುವಾಗ ದೂರು ಒಬ್ಬರಿಂದ ಇನ್ನೊಬ್ಬರಿಗೆ ಅಲೆದಾಡುತ್ತದೆ, ಅದರೊಡನೆ ರೈತನೂ ಅಲೆದಾಡುತ್ತಾನೆ.

8. ನೋಡುವವನ ಮೇಲೆ ನೋಟ

ಪ್ರತಿಬಿಂಬ ಪೋರ್ಟು ದೋಷವನ್ನಷ್ಟೇ ತೋರಿಸುವುದಿಲ್ಲ. ಹಾಯುವ ಎಲ್ಲವನ್ನೂ ತೋರಿಸುತ್ತದೆ. ಯಾರ ಜಮೀನು, ಯಾರ ಜಾತಿ, ಯಾರ ಆದಾಯ, ಯಾರ ಆಧಾರ್ ಸಂಖ್ಯೆ ಎಂಬುದೆಲ್ಲ ಪ್ಯಾಕೆಟ್ಟುಗಳ ಒಡಲಿನಲ್ಲಿರಬಹುದು. ಈಚಿನ ವರ್ಷಗಳಲ್ಲಿ ಹೆಚ್ಚಿನ ಸೇವೆಗಳು ಗೂಢಲಿಪಿಯಲ್ಲಿ ನಡೆಯುವುದರಿಂದ ಒಡಲನ್ನು ಓದುವುದು ಸುಲಭವಲ್ಲ. ಆದರೂ ಹಳೆಯ ತಂತ್ರಾಂಶಗಳಲ್ಲಿ ಆ ರಕ್ಷಣೆ ಇಲ್ಲದಿರಬಹುದು. ಮೇಲಾಗಿ ಶಿರೋಭಾಗವೊಂದೇ ಯಾವ ಯಂತ್ರದಿಂದ ಯಾವ ತಾಣಕ್ಕೆ ಯಾವಾಗ ಸಂಪರ್ಕವಾಯಿತೆಂಬುದನ್ನು ಹೇಳಿಬಿಡುತ್ತದೆ.

ಕಾನೂನು ಈ ವಿಷಯವನ್ನು ಮರೆತಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮಕ್ಕೆ 2008ರ ತಿದ್ದುಪಡಿಯಿಂದ ಸೇರಿದ 69-ಬಿ ಪ್ರಕರಣವು ಸೈಬರ್ ಸುರಕ್ಷತೆಗಾಗಿ ಸಂಚಾರ ದತ್ತಾಂಶವನ್ನು ವೀಕ್ಷಿಸಿ ಸಂಗ್ರಹಿಸುವ ಅಧಿಕಾರವನ್ನು ಸರಕಾರ ಯಾರಿಗೆ ವಹಿಸಬಹುದೆಂದು ಹೇಳುತ್ತದೆ. ಅದರ ಕ್ರಮವನ್ನು 2009ರ ನಿಯಮಗಳು ನಿಗದಿಪಡಿಸಿವೆ. 2022ರ ಏಪ್ರಿಲ್ 28ರಂದು ಸರ್ಟ್-ಇನ್ ಸಂಸ್ಥೆ ಹೊರಡಿಸಿದ ನಿರ್ದೇಶನವು ಗಣಕವ್ಯವಸ್ಥೆಗಳ ದಾಖಲೆಪಟ್ಟಿಗಳನ್ನು 180 ದಿನಗಳ ಕಾಲ ಕಾಯ್ದಿರಿಸಬೇಕೆಂದು ವಿಧಿಸಿತು. ಇನ್ನೊಂದೆಡೆ 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಕೆ. ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ ಗೋಪ್ಯತೆಯನ್ನು ಮೂಲಭೂತ ಹಕ್ಕೆಂದು ಸಾರಿತು. ಈ ಪ್ರಕರಣದ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳೆಂಬುದು ಸ್ಮರಣೀಯ. 2023ರಲ್ಲಿ ವೈಯಕ್ತಿಕ ಡಿಜಿಟಲ್ ದತ್ತಾಂಶ ಸಂರಕ್ಷಣೆಗಾಗಿಯೇ ಪ್ರತ್ಯೇಕ ಅಧಿನಿಯಮ ಬಂದಿತು.

ತಂತ್ರಜ್ಞಾನದಲ್ಲಿಯೇ ಒಂದು ಮಧ್ಯಮ ಮಾರ್ಗವಿದೆ. ಹಿಂದೆ ಹೇಳಿದ ನಾಲ್ಕು ಸ್ಥಿತಿಗಳನ್ನು ಗುರುತಿಸಲು ಒಡಲು ಬೇಕಿಲ್ಲ. ಶಿರೋಭಾಗ ಮತ್ತು ಕಾಲ ಸಾಕು. ಈಥರ್‌ನೆಟ್ಟಿನ 14, ಐಪಿಯ ಸಾಮಾನ್ಯವಾಗಿ 20, ಟಿಸಿಪಿಯ ಹೆಚ್ಚೆಂದರೆ 60 ಬೈಟುಗಳನ್ನು ಕೂಡಿಸಿದರೆ 94. ಆದುದರಿಂದ ಪ್ರತಿ ಪ್ಯಾಕೆಟ್ಟಿನ ಮೊದಲ 96 ಬೈಟುಗಳನ್ನು ಮಾತ್ರ ಉಳಿಸುವಂತೆ ಆದೇಶಿಸಬಹುದು. ಇದರಿಂದ ಸಂಗ್ರಹದ ಹೊರೆಯೂ ತಗ್ಗುತ್ತದೆ. ಸೆಕೆಂಡಿಗೆ 20 ಮೆಗಾಬಿಟ್ಟಿನಂತೆ ಎಂಟು ಗಂಟೆಗಳ ಪೂರ್ಣ ನಕಲು 72 ಗಿಗಾಬೈಟ್ ಆಗುತ್ತದೆ. ಪ್ಯಾಕೆಟ್ಟಿನ ಸರಾಸರಿ ಗಾತ್ರ 500 ಬೈಟ್ ಎಂದುಕೊಂಡರೆ 96 ಬೈಟಿನ ನಕಲು ಸುಮಾರು 14 ಗಿಗಾಬೈಟ್ ಮಾತ್ರ. ಟಿಸಿಪಿಯ ಶಿರೋಭಾಗ ಚಿಕ್ಕದಿದ್ದಾಗ ಒಡಲಿನ ಒಂದು ತುಣುಕು ಈ 96ರಲ್ಲಿ ಉಳಿಯುವ ಸಾಧ್ಯತೆಯಿರುವುದರಿಂದ, ಕಾಲಗಳ ಲೆಕ್ಕವನ್ನು ತೆಗೆದ ಬಳಿಕ ನಕಲನ್ನು ಅಳಿಸಿ ಲೆಕ್ಕವನ್ನಷ್ಟೇ ಇಟ್ಟುಕೊಳ್ಳುವುದು ಉತ್ತಮ. ಕಾಟಾದವನಿಗೆ ಬೇಕಾದುದು ತೂಕ. ಹೊರೆಯನ್ನು ಬಿಚ್ಚಿ ನೋಡುವ ಅಧಿಕಾರ ಅವನಿಗಿಲ್ಲ.

ಇದರೊಂದಿಗೆ ಆಡಳಿತಾತ್ಮಕವಾದ ಮೂರು ಎಚ್ಚರಿಕೆಗಳು ಅವಶ್ಯ. ಪ್ರತಿಬಿಂಬವನ್ನು ಆರಂಭಿಸುವ ಆದೇಶ ಲಿಖಿತವಾಗಿರಬೇಕು. ಸ್ವಿಚ್ಚಿನ ಪ್ರವೇಶಪದ ಕಾರ್ಖಾನೆಯಿಂದ ಬಂದದ್ದೇ ಆಗಿರಬಾರದು; ಏಕೆಂದರೆ ಆ ಪದವನ್ನು ಬಲ್ಲ ಯಾರಾದರೂ ಗುಟ್ಟಾಗಿ ಇನ್ನೊಂದು ಕನ್ನಡಿಯನ್ನು ಇಡಬಲ್ಲರು. ಸ್ವಿಚ್ಚಿರುವ ಪೆಟ್ಟಿಗೆಗೆ ಬೀಗವಿರಬೇಕು. ನೋಡುವವನನ್ನೂ ನೋಡುವ ವ್ಯವಸ್ಥೆ ಇಲ್ಲದೆ ವೀಕ್ಷಣೆ ಸೇವೆಯಾಗಿ ಉಳಿಯುವುದಿಲ್ಲ.

9. ಸಮಾರೋಪ

ಭೂಮಿ ಯೋಜನೆಯ ಆರಂಭದ ಕೇಂದ್ರಗಳಲ್ಲಿ ಒಂದು ಏರ್ಪಾಡಿತ್ತು. ನೌಕರನ ಮುಂದಿನ ಪರದೆಯಲ್ಲದೆ ಎರಡನೆಯ ಪರದೆಯೊಂದನ್ನು ರೈತನ ಕಡೆಗೆ ತಿರುಗಿಸಿ ಇಡಲಾಗಿತ್ತು. ತನ್ನ ದಾಖಲೆಯ ಮೇಲೆ ಏನು ನಡೆಯುತ್ತಿದೆಯೆಂಬುದನ್ನು ಅವನು ಕಣ್ಣಾರೆ ನೋಡಬಹುದಾಗಿತ್ತು. ದಾಖಲೆ ದೂರವಾದ ಮೇಲೆ ಆ ಪರದೆಯ ಹಿಂದಿನ ತತ್ತ್ವವೂ ಜಾಲಕ್ಕೆ ವಿಸ್ತರಿಸಬೇಕಾಗಿದೆ ಎಂಬುದೇ ಈ ಲೇಖನದ ನಿಲುವು.

ಪ್ರತಿ ತಾಲ್ಲೂಕು ಕಚೇರಿಯಲ್ಲಿ ಒಂದು ಚಿಕ್ಕ ಸ್ವಿಚ್ಚಿನ ನೆರವಿನಿಂದ ದೊರೆಯುವ ಅಳತೆಯನ್ನು ನಾಲ್ಕು ಸರಳ ವಾಕ್ಯಗಳಲ್ಲಿ ಫಲಕದ ಮೇಲೆ ಬರೆಯುವುದು ಕಷ್ಟದ ಕೆಲಸವಲ್ಲ: ಕಚೇರಿಯೊಳಗಿನ ದೋಷ, ದಾರಿ ಕಡಿದಿದೆ, ದಾರಿ ತುಂಬಿದೆ ಅಥವಾ ದುರ್ಬಲವಾಗಿದೆ, ಸರ್ವರ್ ನಿಧಾನವಾಗಿದೆ. ಜೊತೆಗೆ ದೋಷ ಆರಂಭವಾದ ವೇಳೆ ಮತ್ತು ಅದನ್ನು ಯಾರಿಗೆ ತಿಳಿಸಲಾಗಿದೆ ಎಂಬ ವಿವರ. 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವ್ಯಾಪ್ತಿಯ ಇಂಜಿನಿಯರಿಂಗ್ ಕಾಲೇಜುಗಳು ಈ ಭಾಗದಲ್ಲಿಯೂ ಇವೆ. ಇಂತಹ ಅಳತೆಯ ವ್ಯವಸ್ಥೆಯನ್ನು ರೂಪಿಸುವುದು ಕೊನೆಯ ವರ್ಷದ ವಿದ್ಯಾರ್ಥಿಗಳ ಯೋಜನಾಕಾರ್ಯಕ್ಕೆ ತಕ್ಕ ವಿಷಯವಾಗಬಲ್ಲುದು.

ಕಾಗವಾಡದಿಂದಲೋ ರಾಯಬಾಗದ ಹಳ್ಳಿಯೊಂದರಿಂದಲೋ ಬಂದ ರೈತನಿಗೆ ಪ್ಯಾಕೆಟ್ಟು, ಪೋರ್ಟುಗಳ ಜ್ಞಾನ ಬೇಕಿಲ್ಲ. ಆದರೆ ‘ದಾರಿ ಕಡದೈತಿ, ಸಂಜಿಕ ಕೂಡತೈತಿ’ ಎಂದರೆ ಅವನು ಕಾಯುವುದೋ ಮನೆಗೆ ಹೋಗುವುದೋ ಎಂಬುದನ್ನು ತಾನೇ ನಿರ್ಧರಿಸಬಲ್ಲ. ‘ಸರ್ವರ್ ಡೌನ್’ ಎಂಬ ಮಾತು ಆ ನಿರ್ಧಾರಕ್ಕೆ ಯಾವ ಆಧಾರವನ್ನೂ ಕೊಡುವುದಿಲ್ಲ. ಅಳತೆಯ ಬೆಂಬಲವಿರುವ ಮಾತು ಕೊಡುತ್ತದೆ.